ಯಾದಗಿರಿಯ ಭೀಮೆಯಲ್ಲಿ ಗಳ ಹಿಡಿದು ಗೆಂಡೆ: ಆಳ ಅಳೆಯುವಲ್ಲಿಂದ ಕೈಬಲೆಗೆ ಬರುವವರೆಗೆ

ಭೀಮೆಯ ದಂಡೆಯಲ್ಲಿ ಗಾಳ ಹಾಕಿ ಕೂತವರ ದೂರು ಹೆಚ್ಚುಕಡಿಮೆ ಮೂರೇ. ದಾರಕ್ಕೆ ಸಿಕ್ಕಿಸಿ ನೀರಿನ ಮೇಲೆ ತೇಲಿಬಿಟ್ಟ ಬೆಂಡು ಇಡೀ ದಿನ ಅಲುಗಲಿಲ್ಲ. ಅಲುಗಿತು, ಆದರೆ ಎಳೆದಾಗ ಬರೀ ಗಾಳ ಬಂತು. ದೊಡ್ಡದು ಸಿಕ್ಕಿತ್ತು, ದಾರ ಹರಿದುಕೊಂಡು ಹೋಯಿತು. ಎರೆ ಬದಲಿಸಿ, ಜಾಗ ಬದಲಿಸಿ ನೋಡಿದ ಮೇಲೂ ಅದೇ ಪಾಡು. ತಪ್ಪು ಬಹುತೇಕ ಎರೆಯಲ್ಲಿರುವುದಿಲ್ಲ, ಕೆಲಸದ ಸರದಿಯಲ್ಲಿರುತ್ತದೆ. ಮೊದಲು ಆಳ ಅಳೆಯಬೇಕು, ಆಮೇಲೆ ಮೇವು ಹಾಕಬೇಕು, ಗಾಳ ನೀರಿಗಿಳಿಯುವುದು ಮೂರನೆಯ ಕೆಲಸ. ಬಹಳ ಜನ ಮೂರನೆಯದನ್ನೇ ಮೊದಲು ಮಾಡುತ್ತಾರೆ. ಆಳ ಅಳೆಯುವುದನ್ನಂತೂ ಮಾಡುವುದೇ ಇಲ್ಲ.

ಇಲ್ಲಿ ಹೇಳುತ್ತಿರುವುದು ರೀಲು ಇಲ್ಲದ ಗಳದ ಬೇಟೆ. ದಾರವನ್ನು ನೇರ ಗಳದ ತುದಿಗೇ ಕಟ್ಟುವುದು. ಮಾತು ಗೋಜಲಾಗದಿರಲಿ: ಗಳ ಅಂದರೆ ಕೋಲು, ಗಾಳ ಅಂದರೆ ಕೊಕ್ಕೆ. ಎರೆ ಅಂದರೆ ಕೊಕ್ಕೆಗೆ ಚುಚ್ಚುವುದು, ಮೇವು ಅಂದರೆ ಮೀನನ್ನು ಜಾಗಕ್ಕೆ ಕರೆಯಲು ನೀರಿಗೆ ಎಸೆಯುವುದು.

## ಹೊರಡುವ ಮುನ್ನ ತಿಳಿದಿರಬೇಕಾದ್ದು

ಗೆಂಡೆ ಎಂದರೆ ಒಂದೇ ಮೀನಲ್ಲ. ಕಟ್ಲಾ ಮೇಲ್ನೀರಿನಲ್ಲಿ ಉಣ್ಣುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಬೆಳ್ಳಿಗೆಂಡೆ ನೀರಿನಲ್ಲಿರುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ, ಅದರ ಆಸೆ ಬಿಡಿ. ಹುಲ್ಲುಗೆಂಡೆಯ ಗಮನ ಸೊಪ್ಪುಸದೆಯ ಮೇಲೆ. ಗಳಕ್ಕೆ ತಕ್ಕದ್ದು ಸಾಮಾನ್ಯ ಗೆಂಡೆ, ಅದರ ಹಿಂದೆ ಮೃಗಾಲ್. ಬಾಯಿಯ ಎರಡೂ ಬದಿ ಸೇರಿ ನಾಲ್ಕು ಮೀಸೆ ಇದ್ದರೆ ಅದು ಸಾಮಾನ್ಯ ಗೆಂಡೆ. ತೆಲುಗು ಮಾತಾಡುವ ಮೀನಿನ ವ್ಯಾಪಾರಿಗಳು ಅದನ್ನೇ ಬಂಗಾರು ತೀಗ ಅನ್ನುತ್ತಾರೆ. ಈ ಮೀನು ಬಾಯಿಯನ್ನು ಕೊಳವೆಯಂತೆ ಚಾಚಿ ಕೆಸರು ಹೀರಿ, ಕಾಳು ಇಟ್ಟುಕೊಂಡು ಉಳಿದದ್ದನ್ನು ಉಗುಳುತ್ತದೆ. ಎರೆ ತಳದಿಂದ ಒಂದು ಗೇಣು ಮೇಲೆ ತೂಗುತ್ತಿದ್ದರೆ ಅದರ ಕಣ್ಣಿಗೇ ಬೀಳುವುದಿಲ್ಲ. ಆಳ ಅಳೆಯಬೇಕೆನ್ನುವುದು ಇದಕ್ಕೇ.

ಅನುಮತಿಯ ವಿಷಯ ಚುಟುಕಾಗಿ: ಒಳನಾಡು ನೀರಿನ ಮೀನುಗಾರಿಕೆ 1996ರ ರಾಜ್ಯ ಕಾಯ್ದೆಯ ಕೆಳಗೆ ಬರುತ್ತದೆ. ತಾಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ನಿಮ್ಮ ಜಾಗದ ಹೆಸರು ಹೇಳಿ, ಅಲ್ಲಿ ಗಾಳ ಹಾಕಬಹುದೇ, ಪರವಾನಗಿ ಬೇಕೇ ಎಂದು ಕೇಳಿ. ಕೆರೆ, ಜಲಾಶಯಗಳನ್ನು ಮೀನುಗಾರರ ಸಂಘಗಳಿಗೆ ಗುತ್ತಿಗೆ ಕೊಟ್ಟಿರುತ್ತಾರೆ, ಅಲ್ಲಿ ಕೇಳದೆ ಗಾಳ ಹಾಕಿದರೆ ಅದು ಕಳವು. ಮಳೆಗಾಲದ ಹೊಸನೀರು ರೋಹು, ಕಟ್ಲಾ, ಮೃಗಾಲ್ ಮೊಟ್ಟೆಯಿಡುವ ಹೊತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಗಳವನ್ನು ಅಟ್ಟದ ಮೇಲಿಡಿ. ಹೇಗೂ ಆಗ ಭೀಮೆ ಗಳಕ್ಕೆ ಬಗ್ಗುವ ಹೊಳೆಯಲ್ಲ.

## 1. ಸಾಮಾನು

ಗಳ. ಫೈಬರ್ ಗಳಗಳು ಸಾಮಾನ್ಯವಾಗಿ 3.6, 4.5, 5.4, 6.3 ಮೀಟರ್ ಅಳತೆಯಲ್ಲಿ ಸಿಗುತ್ತವೆ. ಊರ ಪಕ್ಕದ ಭೀಮೆಗೆ 5.4 ಸರಿಯಾದ ಅಳತೆ. ಅದಕ್ಕಿಂತ ಗಿಡ್ಡದಾದರೆ ದಂಡೆಯ ಇಳಿಜಾರು ದಾಟುವುದಿಲ್ಲ, ಉದ್ದವಾದರೆ ಒಂದು ಗಂಟೆಯಲ್ಲಿ ತೋಳು ಸೋಲುತ್ತದೆ. ಬಿದಿರೇ ಬೇಕೆನ್ನುವವರು ಮೇದಾರರ ಹತ್ತಿರ ಗಿಣ್ಣು ಹತ್ತಿರ ಹತ್ತಿರವಿರುವ, ಒಳಗೆ ಪೊಳ್ಳು ಕಡಿಮೆಯಿರುವ, ನೆರಳಲ್ಲಿ ಒಣಗಿದ ಗಳ ಕೇಳಿ. ತುದಿ ಕಿರುಬೆರಳಿಗಿಂತ ಸಣ್ಣಗಿರಲಿ. ಬುಡ ನೆಲಕ್ಕೂರಿ ತುದಿಯನ್ನು ಕೈಯಿಂದ ಬಗ್ಗಿಸಿದರೆ ಮೇಲಿನ ಮೂರನೇ ಒಂದು ಭಾಗ ಬಿಲ್ಲಿನಂತೆ ಬಾಗಬೇಕು. ಬುಡದ ತನಕ ಬಾಗಿದರೆ ಹಸಿ ಬಿದಿರು, ತುದಿ ಮಾತ್ರ ಬಾಗಿದರೆ ಒಂದು ದಿನ ಅಲ್ಲೇ ಮುರಿಯುತ್ತದೆ.

ದಾರ. ಎರಡು ದಪ್ಪದ ನೈಲಾನ್ ತಂಗೂಸಿ ಬೇಕು. ಮುಖ್ಯ ದಾರ 0.25 ಮಿ.ಮೀ., ಗಾಳದ ಮೊದಲಿನ ಒಂದು ಗೇಣು ದಾರ 0.20 ಮಿ.ಮೀ. ಕೊನೆಯ ಗೇಣು ತೆಳ್ಳಗಿರುವುದಕ್ಕೆ ಕಾರಣವಿದೆ: ಗಾಳ ತಳದಲ್ಲಿ ಸಿಕ್ಕಿಕೊಂಡರೆ ಅಷ್ಟೇ ಹರಿಯಲಿ, ಬೆಂಡು ಸೀಸ ಉಳಿಯಲಿ. ದೊಡ್ಡ ಮೀನಿಗೆಂದು 0.40ರ ದಾರ ಕಟ್ಟುವವರಿದ್ದಾರೆ. ಅಂಥ ದಾರ ಹರಿಯುವುದಿಲ್ಲ, ಅದರ ಬದಲು ಗಳ ಮುರಿಯುತ್ತದೆ.

ಗಾಳ. 8 ಅಥವಾ 10ನೇ ನಂಬರು. ನಂಬರು ದೊಡ್ಡದಾದಷ್ಟೂ ಗಾಳ ಸಣ್ಣದು. ಅಂಗಡಿಯಲ್ಲಿ ತಲೆಕೆಳಗಾಗಿ ಕೇಳಿ ತರುವವರು ಕಡಿಮೆಯಿಲ್ಲ. ಕಣ್ಣಿರುವ ಗಾಳವನ್ನೇ ತನ್ನಿ. ಉಗುರಿನ ಮೇಲೆ ತುದಿ ಇಟ್ಟು ಮೆಲ್ಲಗೆ ಎಳೆದರೆ ಗೀರು ಬೀಳಬೇಕು, ಜಾರಿದರೆ ಮೊಂಡಾಗಿದೆ.

ಬೆಂಡು. ಹಣ ಉಳಿಸಲು ಹೋಗಿ ಎಡವುವ ಜಾಗ ಇದು. ಹವಾಯಿ ಚಪ್ಪಲಿಯ ತುಂಡು, ಥರ್ಮಾಕೋಲ್ ಉಂಡೆ ನೀರಿನ ಮೇಲೆ ಹೋರಿಯಂತೆ ನಿಲ್ಲುತ್ತವೆ. ಗೆಂಡೆ ಎರೆ ಎತ್ತಿದ ಕೂಡಲೇ ಮೇಲಿನಿಂದ ಜಗ್ಗಿದಂತಾಗಿ ಉಗುಳುತ್ತದೆ. ಜೋಳದ ದಂಟಿನ ಒಳಗಿನ ಬೆಂಡು ಹಗುರ, ಚೆನ್ನಾಗಿಯೂ ಕೆಲಸ ಮಾಡುತ್ತದೆ, ಆದರೆ ಒಂದು ಗಂಟೆಯಲ್ಲಿ ನೀರು ಕುಡಿದು ಮುಳುಗತೊಡಗುತ್ತದೆ. ಬಳಸುವುದಾದರೆ ಉಗುರುಬಣ್ಣ ಎರಡು ಸಲ ಬಳಿದು ಒಣಗಿಸಿ. ಕೊಳ್ಳುವುದಾದರೆ ಪೆನ್ಸಿಲಿನಷ್ಟು ಸಪೂರಾದ, ಒಂದೂವರೆಯಿಂದ ಎರಡು ಗ್ರಾಂ ಸೀಸ ಹೊರುವ ಬೆಂಡು ಸಾಕು. ಹರಿವು ಜೋರಿದ್ದಲ್ಲಿ ಮೂರು, ನಾಲ್ಕು ಗ್ರಾಮಿನದು.

ಇವಲ್ಲದೆ ಸೀಳಿರುವ ಸೀಸದ ಗುಂಡು, ಅದನ್ನು ಒತ್ತಲು ಸಣ್ಣ ಪಕ್ಕಡ್ (ಹಲ್ಲಿನಿಂದ ಕಚ್ಚಬೇಡಿ, ಸೀಸ ವಿಷ), ಸೈಕಲ್ ಅಂಗಡಿಯ ವಾಲ್ ಟ್ಯೂಬ್ ಒಂದು ಗೇಣು, 20 ಗ್ರಾಂ ಆಸುಪಾಸಿನ ಕಬ್ಬಿಣದ ನಟ್ ಒಂದು, ಒಂದೂವರೆ ಗೇಣು ಬಾಯಗಲದ ಕೈಬಲೆ, ಬಕೆಟ್ಟು, ಗೋಣಿಚೀಲ. ಕೈಬಲೆಯ ಹಿಡಿಕೆ ಕನಿಷ್ಠ ಒಂದೂವರೆ ಮೀಟರ್ ಇರಲಿ. ಕೈಬಲೆ ಇಲ್ಲದೆ ಎರಡು ಕಿಲೋ ಗೆಂಡೆಯನ್ನು ದಾರ ಹಿಡಿದು ಮೇಲೆತ್ತಿದರೆ ಅದು ಕಡೆಯ ಗಳಿಗೆಯಲ್ಲಿ ಒಮ್ಮೆ ಒದರಿಕೊಂಡು ಹೋಗುವುದು ನಿಶ್ಚಿತ.

## 2. ದಾರ ಕಟ್ಟುವುದು

ಈ ಕೆಲಸ ಮನೆಯಲ್ಲೇ ಮುಗಿಯಲಿ. ದಂಡೆಯ ಮೇಲೆ, ಗಾಳಿಯಲ್ಲಿ, ಬೆಳಕು ಹರಿಯುವ ಮುಂಚೆ ಕಟ್ಟಿದ ಗಂಟು ಗಂಟಲ್ಲ.

ಫೈಬರ್ ಗಳದ ತುದಿಯಲ್ಲಿ ಸಣ್ಣ ಹೆಣೆದ ದಾರವಿರುತ್ತದೆ. ಅದರ ಕೊನೆಗೊಂದು ಗಂಟು ಹಾಕಿ, ನಿಮ್ಮ ದಾರದ ಕುಣಿಕೆಯನ್ನು ಅದರ ಹಿಂದೆ ಬಿಗಿಯಿರಿ. ಬಿದಿರಾದರೆ ತುದಿಗಷ್ಟೇ ಕಟ್ಟಬೇಡಿ. ತುದಿಯಿಂದ ಎರಡನೇ ಗಿಣ್ಣಿನ ಕೆಳಗೆ ಮೊದಲು ಕಟ್ಟಿ, ಅಲ್ಲಿಂದ ಸುತ್ತುತ್ತ ಮೇಲೆ ತಂದು ತುದಿಯಲ್ಲಿ ಮತ್ತೆ ಬಿಗಿಯಿರಿ. ತುದಿ ಮುರಿದರೂ ಮೀನು ದಾರದಲ್ಲೇ ಉಳಿಯುತ್ತದೆ.

ಗಳದ ತುದಿಯಿಂದ ಗಾಳದವರೆಗಿನ ಒಟ್ಟು ದಾರ ಗಳಕ್ಕಿಂತ ಎರಡು ಗೇಣು ಕಡಿಮೆಯಿರಲಿ. 5.4 ಮೀಟರ್ ಗಳಕ್ಕೆ ಸುಮಾರು 5 ಮೀಟರ್. ಗಳದ ಬುಡ ಸೊಂಟಕ್ಕೆ ಹಿಡಿದು ನೆಟ್ಟಗೆ ಎತ್ತಿದಾಗ ಗಾಳ ಎದೆಮಟ್ಟಕ್ಕೆ ಬಂದರೆ ಅಳತೆ ಸರಿ. ದಾರ ಉದ್ದವಾದರೆ ಮೀನು ಕೈಬಲೆಯ ಹತ್ತಿರಕ್ಕೇ ಬರುವುದಿಲ್ಲ, ಗಳ ಹಿಂದೆ ಎಳೆದಷ್ಟೂ ಅದು ದೂರದಲ್ಲೇ ಕುಣಿಯುತ್ತಿರುತ್ತದೆ.

ವಾಲ್ ಟ್ಯೂಬನ್ನು ಅಕ್ಕಿಕಾಳಿನಷ್ಟು ಉದ್ದಕ್ಕೆ ಕತ್ತರಿಸಿ ಮೂರು ತುಂಡು ದಾರಕ್ಕೆ ಪೋಣಿಸಿ, ಅವುಗಳೊಳಗೆ ಬೆಂಡನ್ನು ತೂರಿಸಿ. ಎರಡು ತುಂಡಾದರೆ ಜೋರಾಗಿ ಎಳೆದಾಗ ಬೆಂಡು ಜಾರಿ ಅಳತೆ ಕೆಡುತ್ತದೆ.

ಗಾಳದ ಗಂಟು: ದಾರವನ್ನು ಕಣ್ಣಿಗೆ ಪೋಣಿಸಿ, ತುದಿಯನ್ನು ಮೂಲ ದಾರಕ್ಕೆ ಆರು ಸುತ್ತು ಸುತ್ತಿ, ಕಣ್ಣಿನ ಪಕ್ಕ ಉಳಿದ ಸಂದಿಯೊಳಗೆ ತೂರಿಸಿ, ಉಗುಳು ಹಚ್ಚಿ ನಿಧಾನ ಬಿಗಿಯಿರಿ. ಒಣಗಿದ್ದಾಗಲೇ ಜಗ್ಗಿದರೆ ಉಜ್ಜುವ ಕಾವಿಗೆ ನೈಲಾನ್ ಅಲ್ಲೇ ಸೊರಗುತ್ತದೆ. "ದೊಡ್ಡ ಮೀನು ದಾರ ಹರಿಯಿತು" ಎಂದವರ ದಾರದ ತುದಿ ನೋಡಿ. ಗುಂಗುರು ಗುಂಗುರಾಗಿ ಸುರುಳಿ ಸುತ್ತಿಕೊಂಡಿದ್ದರೆ ದಾರ ಹರಿದೇ ಇಲ್ಲ, ಗಂಟು ಬಿಚ್ಚಿದೆ.

ಸೀಸ: ಒಟ್ಟು ತೂಕದ ಮೂರನೇ ಎರಡು ಭಾಗ ಗಾಳದಿಂದ ಎರಡು ಗೇಣು ಮೇಲೆ ಒಟ್ಟಿಗೆ. ಉಳಿದದ್ದರಲ್ಲಿ ಒಂದೇ ಒಂದು ಸಣ್ಣ ಗುಂಡು ಗಾಳದಿಂದ ನಾಲ್ಕು ಬೆರಳು ಮೇಲೆ, ಮಿಕ್ಕಿದ್ದು ನಡುವೆ. ಬಕೆಟ್ ನೀರಿಗೆ ಬಿಟ್ಟು ನೋಡಿ: ಬೆಂಡಿನ ತುದಿ ಅರ್ಧ ಬೆರಳಗಲ ಮಾತ್ರ ಮೇಲೆ ಕಾಣಬೇಕು. ಹೆಚ್ಚು ಕಂಡರೆ ಇನ್ನೊಂದು ಗುಂಡು.

## 3. ಹಿಂದಿನ ಸಂಜೆ: ಮೇವು, ಎರೆ

ಎರಡು ಮೂರು ತಾಸಿನ ಬೇಟೆಗೆ ಮೇವು ಹೀಗೆ. ಶೇಂಗಾ ಹಿಂಡಿ ಅರ್ಧ ಕಿಲೋ, ಅಕ್ಕಿ ತವುಡು ಅರ್ಧ ಕಿಲೋ, ಹುರಿದ ಜೋಳದ ಹಿಟ್ಟು ಪಾವು ಕಿಲೋ, ನುಚ್ಚು ಮಾಡಿದ ಗೋವಿನಜೋಳ ಪಾವು ಕಿಲೋ, ಬೆಲ್ಲ 50 ಗ್ರಾಂ. ನುಚ್ಚನ್ನು ಬೇಯಿಸಿ. ಹಿಂಡಿಯನ್ನು ಕುಟ್ಟಿ ಎರಡು ತಾಸು ನೆನೆಸಿ. ನೆನೆಯದ ಹಿಂಡಿ ಉಂಡೆಯೊಳಗೆ ಉಬ್ಬಿ ಉಂಡೆಯನ್ನು ನಡುನೀರಿನಲ್ಲೇ ಒಡೆಯುತ್ತದೆ. ಉಂಡೆ ಕಟ್ಟಲು ನಮ್ಮ ಕಡೆ ಬೇರೆ ಅಂಟು ಹುಡುಕಬೇಕಿಲ್ಲ, ಹೊಲದ ಎರೆಮಣ್ಣು, ಅಂದರೆ ಕರಿಮಣ್ಣು, ಸಾಕು. ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ಬೇರೆ ಚೀಲದಲ್ಲಿ ಒಯ್ಯಿರಿ. ನಿಂತ ನೀರಿಗೆ ಮೇವಿನ ಕಾಲು ಭಾಗ, ಹರಿಯುವ ನೀರಿಗೆ ಅರ್ಧ ಭಾಗ. ಗೊಬ್ಬರ, ಔಷಧ ಹೊಡೆದ ಹೊಲದ ಮಣ್ಣು ಬೇಡ. ಹತ್ತಿ ಹೊಲದ್ದಂತೂ ಬೇಡವೇ ಬೇಡ.

ಉಂಡೆಯ ಹದವನ್ನು ಬಕೆಟ್ಟಿನಲ್ಲಿ ಪರೀಕ್ಷಿಸಿ. ಹಾಕಿದ ಉಂಡೆ ತಳ ಮುಟ್ಟುವವರೆಗೆ ಇಡಿಯಾಗಿರಬೇಕು, ಮೂರರಿಂದ ಐದು ನಿಮಿಷದಲ್ಲಿ ಕುಸಿಯತೊಡಗಬೇಕು. ಹರಿವಿದ್ದಲ್ಲಿ ಎಂಟು ಹತ್ತು ನಿಮಿಷ ತಡೆಯಲಿ.

ಎರೆಗೆ ಬರೀ ಜೋಳದ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಚುಚ್ಚಿದರೆ ನೀರು ಮುಟ್ಟಿದ ಕೂಡಲೇ ಉದುರುತ್ತದೆ. ಅದಕ್ಕೆ ಗೋಧಿಯಂತೆ ತನ್ನಷ್ಟಕ್ಕೆ ಜಿಗಿ ಇಲ್ಲ. ರೊಟ್ಟಿಗೆ ಮಾಡುವಂತೆ ಕುದಿಯುವ ಎಸರು ಹಾಕಿ ಕಲಸಿ, ಬಿಸಿಯಿರುವಾಗಲೇ ಅಂಗೈ ಬುಡದಿಂದ ಚೆನ್ನಾಗಿ ನಾದಬೇಕು. ಮನೆಯಲ್ಲಿ ರೊಟ್ಟಿ ಬಡಿಯುವವರನ್ನು ಕೇಳಿದರೆ ಹದ ಅವರೇ ಹೇಳುತ್ತಾರೆ: ಅಂಚು ಬಿರಿಯಬಾರದು, ಕೈಗೂ ಮೆತ್ತಬಾರದು. ಅಳತೆ: ಗೋಧಿ ಹಿಟ್ಟು ಎರಡು ಹಿಡಿ, ಜೋಳದ ಹಿಟ್ಟು ಒಂದು ಹಿಡಿ, ಪುಟಾಣಿ ಹಿಟ್ಟು ಒಂದು ಹಿಡಿ, ಚಿಟಿಕೆ ಬೆಲ್ಲ. ಇದಕ್ಕೆ ಬೀಜ ತೆಗೆದ ಹತ್ತಿಯ ಎಳೆಗಳನ್ನು ಬಿಡಿಸಿ, ಅಡಿಕೆಯಷ್ಟು ಗಾತ್ರದಷ್ಟನ್ನು ನಾದುವಾಗಲೇ ಸೇರಿಸಿ. ಎಳೆಗಳು ಹಿಟ್ಟನ್ನು ಒಳಗಿಂದ ಹಿಡಿದುಕೊಳ್ಳುತ್ತವೆ, ಚಿಲ್ಲರೆ ಮೀನು ಕುಕ್ಕಿದರೂ ಎರೆ ಗಾಳ ಬಿಡುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.

ಗೋವಿನಜೋಳದ ಇಡೀ ಕಾಳೂ ಒಳ್ಳೆಯ ಎರೆ. ರಾತ್ರಿಯಿಡೀ ನೆನೆಸಿ, ಅರ್ಧ ತಾಸಿನ ಮೇಲೆ, ಸಿಪ್ಪೆ ಬಿರಿಯುವ ತನಕ ಬೇಯಿಸಿ. ಎರೆಹುಳಕ್ಕೆ ಗೆಂಡೆ ಬರುತ್ತದೆ ನಿಜ, ಆದರೆ ಅದಕ್ಕಿಂತ ಮೊದಲು ಊರಿನ ಚಿಲ್ಲರೆ ಮೀನೆಲ್ಲ ಬರುತ್ತದೆ.

## 4. ಜಾಗ ಆರಿಸುವುದು

ಗುರುಸಣಗಿ ಬ್ಯಾರೇಜಿನಲ್ಲಿ ನೀರು ನಿಲ್ಲಿಸಿದ ತಿಂಗಳುಗಳಲ್ಲಿ ಭೀಮೆ ಹೊಳೆಗಿಂತ ಕೆರೆಯಂತಿರುತ್ತದೆ. ಆಗ ಹುಡುಕಬೇಕಾದದ್ದು ದಂಡೆಯ ಇಳಿಜಾರು ಮುಗಿದು ತಳ ಸಮವಾಗುವ ಅಂಚು. ಗೆಂಡೆ ಆ ಅಂಚಿನಗುಂಟ ಓಡಾಡುತ್ತದೆ. ಹರಿವಿರುವಾಗ ಸೇತುವೆಯ ಕಂಬ, ಬಂಡೆಗಳ ಹಿಂದೆ ನೀರು ಸುಳಿದು ನಿಧಾನವಾಗುವ ಮಗ್ಗುಲು ನೋಡಿ. ಆದರೆ ಸೇತುವೆಯ ಮೇಲೆ ನಿಂತು ಗಾಳ ಬಿಡಬೇಡಿ, ಬ್ಯಾರೇಜಿನ ಗೇಟಿನ ಹತ್ತಿರ ಹೋಗಲೇಬೇಡಿ.

ಊರಿನ ಹೊಳೆಗೆ ಅದರದೇ ಕಾಟಗಳಿವೆ. ಸ್ನಾನ, ಪೂಜೆ, ಬಟ್ಟೆ ಒಗೆಯುವ ಘಟ್ಟಗಳ ಬುಡದಲ್ಲಿ ಬಟ್ಟೆ, ಪ್ಲಾಸ್ಟಿಕ್ಕು ತುಂಬಿರುತ್ತದೆ. ಗಣಪತಿ ಬಿಡುವ ಜಾಗದಲ್ಲಿ ಮಣ್ಣು ಕರಗಿದ ಮೇಲೂ ಕಟ್ಟಿಗೆ, ತಂತಿಯ ಚೌಕಟ್ಟು ತಳದಲ್ಲೇ ಉಳಿದಿರುತ್ತದೆ, ಪ್ರತಿ ಎಸೆತಕ್ಕೂ ಒಂದು ಗಾಳ ನುಂಗುತ್ತದೆ. ಗಟಾರದ ನೀರು ಸೇರುವ ಬಾಯಿಯಲ್ಲಿ ಮೀನು ಕಾಣುತ್ತದೆ, ಬೇಗ ಕಚ್ಚುತ್ತದೆ ಕೂಡ. ಅಲ್ಲಿ ಹಿಡಿದದ್ದನ್ನು ಒಲೆಗೆ ಒಯ್ಯಬೇಡಿ. ಗಟಾರಕ್ಕಿಂತ ಮೇಲ್ಭಾಗಕ್ಕೆ, ಹರಿವಿನ ಎದುರಿಗೆ ನಡೆಯಿರಿ.

ತಲೆಯ ಮೇಲೆ ನೋಡುವುದನ್ನು ಮರೆಯಬೇಡಿ. ದಂಡೆಯುದ್ದಕ್ಕೂ ಪಂಪ್‌ಸೆಟ್ಟಿನ ಕರೆಂಟಿನ ತಂತಿಗಳಿವೆ, ಕೆಲವು ಜೋತುಬಿದ್ದಿರುತ್ತವೆ. ಕಾರ್ಬನ್ ಗಳದಲ್ಲಿ ಕರೆಂಟು ಹರಿಯುತ್ತದೆ, ಒದ್ದೆ ಬಿದಿರೂ ಅಷ್ಟೇ. ತಂತಿಯಿಂದ ಕನಿಷ್ಠ ಎರಡು ಗಳದ ದೂರ ಬಿಡಿ. ಜಾಗ ಬದಲಿಸುವಾಗ ಗಳ ಹೆಗಲ ಮೇಲೆ ನೆಟ್ಟಗೆ ಹೊರದೆ ಅಡ್ಡ ಹಿಡಿದು ನಡೆಯಿರಿ.

ಶಹಾಬಾದ್, ಮಳಖೇಡ ಕಡೆ ಕಾಗಿಣಾದಲ್ಲಿ ಗಾಳ ಹಾಕುವವರಿಗೆ ಒಂದು ಮಾತು. ಅಲ್ಲಿ ತಳದಲ್ಲಿ ಫರ್ಸಿಯಂಥ ಹಾಸುಗಲ್ಲು ಸಿಗುತ್ತದೆ. ದುಂಡು ಉಂಡೆ ಅದರ ಮೇಲೆ ಉರುಳಿ ಹೋಗುತ್ತದೆ, ಚಪ್ಪಟೆ ತಟ್ಟಿ ಹಾಕಿ. ಪಾಚಿಗಟ್ಟಿದ ಹಾಸಿನ ಮೇಲೆ ಕಾಲಿಡಬೇಡಿ.

## 5. ಆಳ ಅಳೆಯುವುದು

ಇದಕ್ಕೆ ಕಾಲು ತಾಸು ಕೊಡಿ. ಗಡಿಬಿಡಿ ಬೇಡ.

ಗಾಳವನ್ನು ನಟ್ಟಿನ ತೂತಿಗೆ ಸಿಕ್ಕಿಸಿ, ಬೀಳದಂತೆ ಒಂದು ಚೂರು ವಾಲ್ ಟ್ಯೂಬ್ ಹಾಕಿ. ಕೂರುವ ಜಾಗದಿಂದ, ಗಳ ಪೂರ್ತಿ ಚಾಚಿ, ಮೆಲ್ಲಗೆ ಇಳಿಬಿಡಿ. ದಾರ ನೆಟ್ಟಗಿರಬೇಕು, ಓರೆಯಾದರೆ ಅಳತೆ ಸುಳ್ಳು. ಬೆಂಡು ಪೂರ್ತಿ ಮುಳುಗಿದರೆ ಅದನ್ನು ಮೇಲಕ್ಕೆ, ಗಳದ ಕಡೆಗೆ ಸರಿಸಿ. ಬೆಂಡು ಅಡ್ಡ ಮಲಗಿದರೆ ಕೆಳಕ್ಕೆ ಸರಿಸಿ. ತುದಿ ಮಾತ್ರ ನೀರಿನ ಮೇಲೆ ನೆಟ್ಟಗೆ ನಿಂತಾಗ ಬೆಂಡಿನಿಂದ ಗಾಳದವರೆಗಿನ ಉದ್ದವೇ ಆಳ.

ಒಂದೇ ಕಡೆ ಅಳೆದು ನಿಲ್ಲಿಸಬೇಡಿ. ಎದುರಿಗೆ, ಎಡಕ್ಕೆ ಎರಡು ಮಾರು, ಬಲಕ್ಕೆ ಎರಡು ಮಾರು, ಆಮೇಲೆ ದಂಡೆಯ ಕಡೆ ಒಂದೊಂದು ಮೀಟರ್ ಒಳಗೆ. ಐದಾರು ಕಡೆ ಅಳೆದರೆ ತಳದ ಚಿತ್ರ ಬೆರಳಿಗೆ ಸಿಗುತ್ತದೆ. ಒಂದು ಮೀಟರ್ ಆಳ ಇದ್ದಕ್ಕಿದ್ದಂತೆ ಒಂದೂಮುಕ್ಕಾಲು ಆಗುವ ಜಾಗವೇ ನೀವು ಹುಡುಕುತ್ತಿದ್ದ ಅಂಚು. ಇಳಿಜಾರಿನ ಮೇಲಲ್ಲ, ಅದು ಮುಗಿದು ಸಮವಾಗುವಲ್ಲಿ ಗಾಳ ಬೀಳಬೇಕು. ಇಳಿಜಾರಿನ ಮೇಲೆ ಹಾಕಿದ ಮೇವು ಕೆಳಗೆ ಜಾರುತ್ತದೆ, ಮೀನು ಅದರ ಹಿಂದೆ ಹೋಗುತ್ತದೆ, ಗಾಳ ಮಾತ್ರ ಮೇಲೆ ಕೂತಿರುತ್ತದೆ.

ನಟ್ಟನ್ನು ಎತ್ತಿದಾಗ ಅದಕ್ಕೇನು ಮೆತ್ತಿದೆ ನೋಡಿ. ಮರಳು, ಸಣ್ಣ ಹರಳಿದ್ದರೆ ಒಳ್ಳೆಯದು. ಬೂದು ಕೆಸರಾದರೂ ಸರಿ. ಕೊಳೆತ ಮೊಟ್ಟೆಯ ನಾತದ ಕಪ್ಪು ರಾಡಿ ಬಂದರೆ ಅಲ್ಲಿ ಗೆಂಡೆ ಉಣ್ಣುವುದಿಲ್ಲ, ಬೇರೆ ಕಡೆ ಹೋಗಿ.

ಆಳ ಸಿಕ್ಕ ಮೇಲೆ ನಿಂತ ನೀರಿಗೆ ಎರಡು ಬೆರಳು, ಹರಿಯುವ ನೀರಿಗೆ ಅರ್ಧ ಗೇಣು ಹೆಚ್ಚು ದಾರ ಬಿಡಿ. ಎರೆ ತಳದ ಮೇಲೆ ಮಲಗಿರಬೇಕು. ಕೊನೆಗೆ ಗಾಳವನ್ನು ಗಳದ ಬುಡಕ್ಕೆ ಹಿಡಿದು, ಬೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಗಳದ ಮೇಲೆ ಸ್ಕೆಚ್‌ಪೆನ್ನಿನಿಂದ ಗೆರೆ ಎಳೆಯಿರಿ. ಮುಂದೆ ದಾರ ಹರಿದರೂ ಬೆಂಡು ಜಾರಿದರೂ ಆ ಗೆರೆ ನೋಡಿ ಅರ್ಧ ನಿಮಿಷದಲ್ಲಿ ಅದೇ ಆಳಕ್ಕೆ ಬರಬಹುದು. ನೀರಿನ ಮಟ್ಟ ಏರುಪೇರಾದರೂ ಇದೇ ಗೆರೆಯಿಂದ ಗೊತ್ತಾಗುತ್ತದೆ.

## 6. ಮೇವು ಹಾಕುವುದು

ಬೆಂಡು ನಿಲ್ಲುವ ಜಾಗಕ್ಕೆ ನೇರ, ಎದುರು ದಂಡೆಯ ಒಂದು ಮರವನ್ನೋ ಕಂಬವನ್ನೋ ಗುರುತಿಟ್ಟುಕೊಳ್ಳಿ. ಮೋಸಂಬಿ ಗಾತ್ರದ ನಾಲ್ಕು ಉಂಡೆ, ಕೆಳಗೈಯಿಂದ, ಒಂದರ ಮೇಲೊಂದು ಅಲ್ಲೇ ಬೀಳಲಿ. ಬೋಸಿಯಷ್ಟು ಜಾಗದೊಳಗೆ ಬಿದ್ದರೆ ಚೆಂದ, ಎತ್ತಿನಗಾಡಿಯಷ್ಟು ಹರಡಿದರೆ ಮೀನೂ ಹರಡುತ್ತದೆ. ಹರಿವಿದ್ದರೆ ಬೆಂಡಿಗಿಂತ ಒಂದು ಮೀಟರ್ ಮೇಲ್ಭಾಗಕ್ಕೆ ಹಾಕಿ.

ಆಮೇಲೆ ಕೈ ಕಟ್ಟಿ. ಇಪ್ಪತ್ತು ನಿಮಿಷಕ್ಕೊಮ್ಮೆ ಅಥವಾ ಒಂದು ಮೀನು ಬಂದ ಮೇಲೆ ನಿಂಬೆಹಣ್ಣಿನಷ್ಟು ಒಂದು. ಮೀನು ಕಚ್ಚದಾಗ ಬೇಸರಕ್ಕೆ ಮೇವು ಸುರಿಯುವುದು ಎಲ್ಲರೂ ಮಾಡುವ ತಪ್ಪು. ಹೊಟ್ಟೆ ತುಂಬಿದ ಗೆಂಡೆಗೆ ನಿಮ್ಮ ಎರೆ ಏಕೆ ಬೇಕು?

## 7. ಬೆಂಡು ಓದುವುದು

ಹೊತ್ತು: ಮಾರ್ಚ್‌ನಿಂದ ಮೇ ತನಕ ಬೆಳಕು ಹರಿದಾಗಿನಿಂದ ಒಂಬತ್ತರವರೆಗೆ, ಮತ್ತೆ ಸಂಜೆ ಐದರಿಂದ. ನಡುಹಗಲು ನಲವತ್ತು ಡಿಗ್ರಿಯ ಬಿಸಿಲಲ್ಲಿ ಮೀನೂ ಉಣ್ಣುವುದಿಲ್ಲ, ಕೂತವರಿಗೂ ಹಿತವಲ್ಲ. ಚಳಿಗಾಲದಲ್ಲಿ ತದ್ವಿರುದ್ಧ, ನೀರು ಬೆಚ್ಚಗಾಗುವ ಹತ್ತರಿಂದ ಮೂರು ಒಳ್ಳೆಯದು.

ಬೆಂಡು ಟಕಟಕ ಕುಕ್ಕುತ್ತ, ನಡುಗುತ್ತ, ನಿಂತು ಮತ್ತೆ ನಡುಗಿದರೆ ಅದು ಚಿಲ್ಲರೆ ಮೀನು. ಎಳೆಯಬೇಡಿ. ಹೊಸಬರು ಇಲ್ಲೇ ಸೋಲುತ್ತಾರೆ. ಪ್ರತಿ ನಡುಕಕ್ಕೂ ಎಳೆದು ಎಳೆದು ಜಾಗದ ಮೀನನ್ನೆಲ್ಲ ಬೆದರಿಸುತ್ತಾರೆ.

ಗೆಂಡೆ ಬೇರೆ ಥರ. ತಳದಿಂದ ಎರೆ ಎತ್ತಿದಾಗ ಗಾಳದ ಮೇಲಿನ ಆ ಒಂದು ಸಣ್ಣ ಸೀಸವೂ ಏಳುತ್ತದೆ, ಭಾರ ಕಳಚಿಕೊಂಡ ಬೆಂಡು ಮುಳುಗುವ ಬದಲು ಮೇಲಕ್ಕೆ ಬರುತ್ತದೆ, ಕೆಲವೊಮ್ಮೆ ಅಡ್ಡ ಮಲಗುತ್ತದೆ. ಬೆಂಡು ಮುಳುಗಲಿ ಎಂದು ಕಾಯುವವರು ಈ ಕಚ್ಚನ್ನೇ ಕಳೆದುಕೊಳ್ಳುತ್ತಾರೆ. ಮಲಗಿದ ಕೂಡಲೇ ಎಳೆಯಿರಿ. ಇನ್ನೊಂದು ಬಗೆ: ಬೆಂಡು ಯಾರೋ ಹಿಡಿದು ಒಯ್ದಂತೆ ಪಕ್ಕಕ್ಕೆ ಜಾರುತ್ತ ಓರೆಯಾಗಿ ಮುಳುಗುತ್ತದೆ. ಅದಕ್ಕೂ ಎಳೆಯಿರಿ.

ಗುಳ್ಳೆಗಳನ್ನೂ ನೋಡಿ. ಸೋಡಾದಂಥ ಸಣ್ಣ ಗುಳ್ಳೆಗಳ ಗುಂಪು ಜಾಗ ಬದಲಿಸುತ್ತ ಬಂದರೆ ಗೆಂಡೆ ಕೆಸರು ಕೆದರುತ್ತಿದೆ. ದೊಡ್ಡ ಗುಳ್ಳೆ ಒಂದೇ ಕಡೆ ಆಗೊಂದು ಈಗೊಂದು ಎದ್ದರೆ ಬರೀ ತಳದ ಕೊಳೆಯ ಗಾಳಿ.

ಎಳೆಯುವುದು ಮಣಿಕಟ್ಟಿನ ಕೆಲಸ. ಗಳದ ತುದಿ ಎರಡು ಗೇಣು ಮೇಲೇಳಿದರೆ ಸಾಕು. ತಲೆಯ ಹಿಂದಕ್ಕೆ ಬೀಸಿದರೆ ಮೀನಿನ ತುಟಿ ಹರಿಯುತ್ತದೆ, ಇಲ್ಲವೇ ಗಾಳ ಹಿಂದೆ ನಿಂತವರ ಕಣ್ಣಿಗೆ ಬರುತ್ತದೆ.

## 8. ಸಿಕ್ಕ ಮೀನನ್ನು ದಣಿಸುವುದು

ರೀಲಿಲ್ಲ, ಬಿಡಲು ದಾರವಿಲ್ಲ. ಇರುವುದು ಗಳದ ಬಾಗು ಮತ್ತು ನಿಮ್ಮ ಕಾಲು. ಗಳವನ್ನು ಎರಡೂ ಕೈಯಲ್ಲಿ, ಬುಡ ಸೊಂಟಕ್ಕೆ ಒತ್ತಿ, ನೀರಿಗೆ ಅರುವತ್ತು ಡಿಗ್ರಿ ಓರೆಯಲ್ಲಿ ಹಿಡಿಯಿರಿ. ಗಳ ಮೀನಿನ ಕಡೆ ಚಾಚಿ ದಾರದೊಂದಿಗೆ ಒಂದೇ ಗೆರೆಯಾಯಿತೆಂದರೆ ಬಾಗು ಸತ್ತಂತೆ. ದಾರ ಹರಿಯುವುದು ಆ ಗಳಿಗೆಯಲ್ಲೇ.

ಮೀನು ಎಡಕ್ಕೆ ಓಡಿದರೆ ಗಳವನ್ನು ಬಲಕ್ಕೆ ಓರೆ ಮಾಡಿ. ಎದುರೆದುರಿಗೆ ಜಗ್ಗುವುದಕ್ಕಿಂತ ಪಕ್ಕಕ್ಕೆ ಜಗ್ಗಿದರೆ ಅದರ ತಲೆ ಬೇಗ ತಿರುಗುತ್ತದೆ. ನೇರ ಒಳನೀರಿಗೆ ಹೊರಟರೆ ದಂಡೆಯಗುಂಟ ನಾಲ್ಕು ಹೆಜ್ಜೆ ಪಕ್ಕಕ್ಕೆ ನಡೆಯಿರಿ, ಮೀನು ಗಳದ ಸುತ್ತ ಅರ್ಧಚಂದ್ರ ಸುತ್ತುತ್ತದೆ. ಕಾಲು ಮಾತ್ರ ನೀರಿಗೆ ಇಡಬೇಡಿ. ಒದ್ದೆ ಎರೆಮಣ್ಣಿನ ದಂಡೆ ಸೋಪಿನಂತೆ ಜಾರುತ್ತದೆ, ಮರಳು ತೆಗೆದ ಗುಂಡಿಗಳು ಮೊಣಕಾಲ ನೀರಿನ ಪಕ್ಕದಲ್ಲೇ ಆಳುದ್ದ ಇರುತ್ತವೆ.

ಗಳ ಕೈ ಬಿಟ್ಟು ಹೋಗುವ ಭಯವಿದ್ದರೆ ಬುಡಕ್ಕೆ ಹತ್ತು ಮೀಟರ್ ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯಿರಿ. ಕೈಗೋ ಸೊಂಟಕ್ಕೋ ಕಟ್ಟಿಕೊಳ್ಳಬಾರದು.

## 9. ಕೈಬಲೆ, ಗಾಳ ಬಿಡಿಸುವುದು

ಮೀನು ತಲೆ ಮೇಲೆತ್ತಿ ಎರಡು ಮೂರು ಬಾರಿ ಗಾಳಿ ನುಂಗುವವರೆಗೆ ಕೈಬಲೆ ಮುಟ್ಟಬೇಡಿ. ಆಮೇಲೆ ಬಲೆಯನ್ನು ನೀರೊಳಗೆ ಮುಳುಗಿಸಿ ಅಲುಗದೆ ಹಿಡಿದು, ಮೀನನ್ನು ಅದರ ಮೇಲೆ ಎಳೆತನ್ನಿ. ಬಲೆಯಿಂದ ಮೀನನ್ನು ಬೆನ್ನಟ್ಟಿ ತೋಡಲು ಹೋದರೆ ಅಂಚು ದಾರಕ್ಕೆ ಬಡಿಯುತ್ತದೆ. ಬಾಲದ ಕಡೆಯಿಂದಲ್ಲ, ತಲೆಯ ಕಡೆಯಿಂದ ಒಳಗೆ ಬರಲಿ.

ಸಾಮಾನ್ಯ ಗೆಂಡೆಯ ಬೆನ್ನಿನ ರೆಕ್ಕೆಯ ಮೊದಲ ಮುಳ್ಳು ಗರಗಸದಂತಿದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ, ಬೆರಳನ್ನೂ ಸೀಳುತ್ತದೆ. ಒದ್ದೆ ಗೋಣಿಚೀಲದ ಮೇಲೆ ಮಲಗಿಸಿ ಗಾಳವನ್ನು ಪಕ್ಕಡಿನಿಂದ ಬಂದ ದಾರಿಯಲ್ಲೇ ಹಿಂದೆ ತಳ್ಳಿ. ಗಂಟಲಿಗಿಳಿದಿದ್ದರೆ ದಾರ ಕತ್ತರಿಸಿ. ಅಂಗೈಯಷ್ಟುದ್ದವೂ ಇಲ್ಲದ್ದನ್ನು ಒದ್ದೆ ಕೈಯಲ್ಲಿ ಹಿಡಿದು ನೀರಿಗೆ ಬಿಡಿ. ಮನೆಗೆ ಒಯ್ಯುವುದನ್ನು ಒಡನೆ ಕೊಂದು, ಕಿವಿರು ಕರುಳು ತೆಗೆದು ಮಂಜುಗಡ್ಡೆಯಲ್ಲಿಡಿ. ಬೇಸಿಗೆಯಲ್ಲಿ ಬಕೆಟ್ಟಿನ ಬೆಚ್ಚನೆ ನೀರಲ್ಲಿ ತೇಲಿಸಿ ಒಯ್ದ ಮೀನು ಮನೆ ಮುಟ್ಟುವಷ್ಟರಲ್ಲಿ ಮೆತ್ತಗಾಗಿರುತ್ತದೆ.

## ಗಳ ಮಡಚಬೇಕಾದ ಸೂಚನೆಗಳು

ಭೀಮೆಯ ನೀರು ಇಲ್ಲಿಯ ಮಳೆಯನ್ನು ಕೇಳಿ ಏರು‌ವುದಿಲ್ಲ. ಮಹಾರಾಷ್ಟ್ರದ ಉಜನಿಯಿಂದಲೋ ನೀರಾ ನದಿಯ ವೀರ್ ಅಣೆಕಟ್ಟಿನಿಂದಲೋ ಬಿಟ್ಟದ್ದು ಸೊನ್ನ, ಸನ್ನತಿ ಬ್ಯಾರೇಜು ದಾಟಿ ಯಾದಗಿರಿಗೆ ಬರುತ್ತದೆ. 2020ರ ಅಕ್ಟೋಬರಿನ ಪ್ರವಾಹ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೂತ ಕೂಡಲೇ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಡಿ, ಅರ್ಧ ತಾಸಿಗೊಮ್ಮೆ ನೋಡಿ. ನೀರು ಕಡ್ಡಿಯನ್ನು ನಾಲ್ಕು ಬೆರಳು ಏರಿದ್ದರೆ, ನೊರೆ, ಕಸಕಡ್ಡಿ ತೇಲಿಬರತೊಡಗಿದರೆ, ತಿಳಿನೀರು ಕೆಂಪಾದರೆ ಸಾಮಾನು ಅಲ್ಲೇ ಬಿಟ್ಟಾದರೂ ಮೇಲೆ ಬನ್ನಿ. ಅಕ್ಕಪಕ್ಕದ ಮೀನುಗಾರರು ಹರಿಗೋಲು ಮೇಲಕ್ಕೆಳೆಯುತ್ತಿದ್ದರೆ ಅದು ಕಡ್ಡಿಗಿಂತ ನಂಬಿಕಸ್ಥ ಸೂಚನೆ.

ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಕೇಳಿಸಿದರೆ ಮಿಂಚಿಗೆ ಕಾಯಬೇಡಿ, ಗಳ ನೆಲಕ್ಕಿಟ್ಟು ದೂರ ಸರಿಯಿರಿ. ಬಯಲು ದಂಡೆಯಲ್ಲಿ ಐದು ಮೀಟರ್ ಕೋಲು ಹಿಡಿದು ನಿಂತವರೇ ಎಲ್ಲಕ್ಕಿಂತ ಎತ್ತರ. ಮರದ ಬುಡವೂ ಆಸರೆಯಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅದನ್ನು ಸೇರುವ ಭೀಮೆಯಲ್ಲಿ ಇಲ್ಲವೆಂದು ಧೈರ್ಯ ಮಾಡಬೇಡಿ. ಮೀನಿನ ಕರುಳು ತೊಳೆಯಲು ನೀರಂಚಿಗೆ ಕುಕ್ಕರಗಾಲಲ್ಲಿ ಕೂರಬಾರದು. ಮೀನುಗಳು ಗುಂಪಾಗಿ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಸತ್ತ ಮೀನು ತೇಲುತ್ತಿದ್ದರೆ ಅಂದಿನ ಬೇಟೆ ಮುಗಿಯಿತು. ಸುಲಭಕ್ಕೆ ಸಿಗುತ್ತವೆಂದು ಬಾಚಿಕೊಂಡು ಹೋಗಬೇಡಿ.

## ಎಲ್ಲ ಮಾಡಿದರೂ ಕಚ್ಚದಿದ್ದರೆ

ಒಂದು ತಾಸು ಬೆಂಡು ಅಲುಗದಿದ್ದರೆ ಎರೆ ಬದಲಿಸುವ ಮುನ್ನ ಆಳವನ್ನು ಇನ್ನೊಮ್ಮೆ ಅಳೆಯಿರಿ. ಬೆಂಡು ಒಂದು ಬೆರಳು ಜಾರಿದ್ದರೂ ಸಾಕು. ಅಳತೆ ಸರಿಯಿದ್ದರೆ ಇನ್ನೆರಡು ಬೆರಳು ದಾರ ಬಿಟ್ಟು ನೋಡಿ. ಅದಕ್ಕೂ ಆಗದಿದ್ದರೆ ಎರೆಯನ್ನು ಅರ್ಧಕ್ಕೆ ಇಳಿಸಿ, ಹೆಸರುಕಾಳಿನ ಗಾತ್ರಕ್ಕೆ. ಎಲ್ಲಕ್ಕಿಂತ ಕೊನೆಗೆ ಜಾಗ.

ಕಚ್ಚುತ್ತದೆ, ಆದರೆ ಗಾಳಕ್ಕೆ ಸಿಗುವುದಿಲ್ಲ ಎಂದರೆ ಎರೆ ಗಾಳದ ತುದಿಯನ್ನು ಮುಚ್ಚಿದೆ. ಹಿಟ್ಟು ಗಟ್ಟಿಯಾದಷ್ಟೂ ಈ ತೊಂದರೆ ಹೆಚ್ಚು. ತುದಿ ಕೂದಲೆಳೆಯಷ್ಟಾದರೂ ಹೊರಗಿರಲಿ. ಮೀನು ಸಿಕ್ಕು ನಾಲ್ಕೈದು ಸೆಕೆಂಡಿಗೆ ಕಳಚಿಕೊಳ್ಳುತ್ತಿದ್ದರೆ ಗಾಳದ ತುದಿ ಕಲ್ಲಿಗೆ ತಾಗಿ ಮಡಚಿದೆ. ಉಗುರಿನ ಮೇಲೆ ಗೀರಿ ನೋಡಿ, ಬದಲಿಸಿ. ಮೊದಲ ಅರ್ಧ ತಾಸು ಚೆನ್ನಾಗಿ ಕಚ್ಚಿ ಆಮೇಲೆ ಪೂರ್ತಿ ನಿಂತರೆ ಮೇವು ಹೆಚ್ಚಾಗಿದೆ, ಇಲ್ಲವೇ ತಪ್ಪಿಸಿಕೊಂಡ ದೊಡ್ಡದೊಂದು ಉಳಿದವನ್ನು ಬೆದರಿಸಿದೆ. ಎರಡಕ್ಕೂ ಒಂದೇ ಮದ್ದು: ಗಳ ಎತ್ತಿಟ್ಟು ಇಪ್ಪತ್ತು ನಿಮಿಷ ನೆರಳಲ್ಲಿ ಕೂರಿ, ಬುತ್ತಿ ಬಿಚ್ಚಿ. ಉಳಿದ ಮೇವಿನ ಉಂಡೆಗಳನ್ನು ಮಾತ್ರ ಹೊಳೆಗೆ ಸುರಿದು ಬರಬೇಡಿ, ಬಿಸಿಲಲ್ಲಿ ಒಣಗಿಸಿದರೆ ಮುಂದಿನ ವಾರಕ್ಕೆ ಬರುತ್ತವೆ. ಹರಿದ ತಂಗೂಸಿಯನ್ನು ಜೇಬಿಗೆ ಹಾಕಿಕೊಳ್ಳಿ. ದಂಡೆಯಲ್ಲಿ ಬಿಟ್ಟದ್ದು ಮರುದಿನ ಮೇಯಲು ಬಂದ ಆಡಿನ ಕಾಲಿಗೋ ಕೊಕ್ಕರೆಯ ಕಾಲಿಗೋ ಸುತ್ತಿಕೊಂಡಿರುತ್ತದೆ.